ಎಲೆಮರೆಯ ಕಾಯಿ ಎಂಬ ಅನುಕೂಲ

ಆಸ್ಪತ್ರೆಯಿಂದ ಗುಣವಾಗಿ ಬಂದವರು ಡಾಕ್ಟರ ಕೈಗುಣವನ್ನು ನೆನೆಯುತ್ತಾರೆ, ರಾತ್ರಿಯೆಲ್ಲ ನೋಡಿಕೊಂಡ ನರ್ಸನ್ನು ನೆನೆಯುತ್ತಾರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದದ್ದನ್ನು ಮೊದಲು ಕಂಡವರು ಯಾರು ಎಂದು ಕೇಳಿದರೆ, ‘ಲ್ಯಾಬಿನಿಂದ ರಿಪೋರ್ಟ್ ಬಂತು’ ಎನ್ನುತ್ತಾರೆ. ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ.

ಅಲ್ಲಿ ನಡೆಯುವ ಒಂದು ಸಣ್ಣ ಕೆಲಸವನ್ನು ನೋಡಿ. ರಕ್ತ ತೆಗೆಯುವಾಗಲೋ ಸಾಗಿಸುವಾಗಲೋ ಕೆಂಪು ಕಣಗಳು ಒಡೆದರೆ, ಅವುಗಳೊಳಗಿನ ಪೊಟ್ಯಾಸಿಯಂ ಹೊರಬಂದು, ರೋಗಿಯ ಮೈಯಲ್ಲಿ ಇರುವುದಕ್ಕಿಂತ ಹೆಚ್ಚಿನ ಅಂಕಿ ಕಾಣುತ್ತದೆ. ತಿಳಿ ಹಳದಿಯಾಗಿರಬೇಕಾದ ಸೀರಂ ಕೆಂಪಗಾಗಿರುವುದನ್ನು ಗಮನಿಸಿದ ತಂತ್ರಜ್ಞೆ ವಾರ್ಡಿಗೆ ಫೋನ್ ಮಾಡಿ, ಇನ್ನೊಮ್ಮೆ ರಕ್ತ ಕಳಿಸಿ ಎನ್ನುತ್ತಾಳೆ. ವಾರ್ಡಿನವರು ಸಿಡುಕುತ್ತಾರೆ. ಎರಡನೆಯ ಸಲ ಚುಚ್ಚಿಸಿಕೊಂಡ ರೋಗಿ ಗೊಣಗುತ್ತಾನೆ. ಇದ್ದ ಅಂಕಿಯನ್ನೇ ಕಳಿಸಿಬಿಟ್ಟಿದ್ದರೆ ಆ ಹೊತ್ತಿಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಇಲ್ಲದ ಪೊಟ್ಯಾಸಿಯಂ ಇಳಿಸಲು ಔಷಧಿ ಕೊಟ್ಟರೆ ಹೃದಯದ ಬಡಿತವೇ ತಪ್ಪಬಹುದು. ಯಾರೂ ನೋಡದಾಗ ಪ್ರಾಮಾಣಿಕವಾಗಿರುವುದು ಇಲ್ಲಿ ಆದರ್ಶದ ಮಾತಲ್ಲ, ದಿನದ ಕೆಲಸ.

ಹಾಗಾದರೆ, ಸಾಕ್ಷಿ ಬೇಡದ ಈ ಪ್ರಾಮಾಣಿಕತೆಯನ್ನು ಬೀದಿಗೆ ತಂದು ಹೊಗಳುವುದು ಅದರ ತೂಕವನ್ನೇ ಇಳಿಸುವುದಿಲ್ಲವೇ? ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಮಾತು ಚೆಂದ, ನಮಗೆ ಅನುಕೂಲವೂ ಹೌದು. ಕಾಯಿಯನ್ನು ಮೆಚ್ಚಿದಂತೆಯೂ ಆಯಿತು, ಎಲೆ ಸರಿಸುವ ಕೆಲಸವೂ ತಪ್ಪಿತು. ಪ್ರಚಾರ ಬಯಸದಿರುವುದು ಅವರ ಗುಣವಿರಬಹುದು. ಅವರನ್ನು ಕಾಣದಿರುವುದು ನಮ್ಮ ಗುಣವಾಗಲಾರದು.

ಯಾಕೆಂದರೆ ಕಾಣದವರ ಕಷ್ಟವೂ ಕಾಣುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಎಷ್ಟು ಮಾದರಿ ನೋಡಬೇಕು, ಹೆಪಟೈಟಿಸ್-ಬಿ ಇರಬಹುದಾದ ರಕ್ತವನ್ನು ಮುಟ್ಟುವ ಕೈಗೆ ಗ್ಲೌಸ್ ಇದೆಯೇ, ಗುತ್ತಿಗೆ ಮುಗಿದ ಮೇಲೆ ಮುಂದೇನು ಎಂದು ಕೇಳುವವರು ಯಾರು? ದಣಿದ ಕಣ್ಣಿನ ತಪ್ಪು ಕೊನೆಗೆ ಬಂದು ಮುಟ್ಟುವುದು ಹಾಸಿಗೆಯಲ್ಲಿ ಮಲಗಿರುವ ನಮ್ಮನ್ನೇ.

2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೆಲ್ಲ ಚಪ್ಪಾಳೆ ತಟ್ಟಿತು. ಆಗ ಎಷ್ಟು ಮಂದಿಯ ಕಣ್ಣ ಮುಂದೆ ಗಂಟಲ ದ್ರವ ಪರೀಕ್ಷಿಸುತ್ತ ಕೂತವರು ಬಂದರೋ! ಮರುವರ್ಷ ಸಂಸತ್ತು ವೈದ್ಯಕೀಯ ಪ್ರಯೋಗಾಲಯದ ವೃತ್ತಿಪರರನ್ನೂ ಒಳಗೊಂಡ ಒಂದು ಕಾಯ್ದೆ ತಂದು, ಅವರ ಶಿಕ್ಷಣಕ್ಕೂ ನೋಂದಣಿಗೂ ರಾಷ್ಟ್ರೀಯ ಆಯೋಗದ ವ್ಯವಸ್ಥೆ ಮಾಡಿತು. ಚಪ್ಪಾಳೆ ಒಂದು ಸಂಜೆಗೆ ಮುಗಿಯುತ್ತದೆ. ಹೆಸರು ದಾಖಲಾದವರಿಗೆ ಹಕ್ಕು ಕೇಳಲು ಒಂದು ನೆಲೆಯಾದರೂ ಇರುತ್ತದೆ.

ಪ್ರಯೋಗಾಲಯದಲ್ಲಿ ನಾವು ಒಂದು ಸಂಖ್ಯೆ ಅಂಟಿಸಿದ ಕೊಳವೆ ಮಾತ್ರ. ಅಲ್ಲಿರುವವರು ನಮ್ಮ ಮುಖ ನೋಡಿಲ್ಲ, ಜಾತಿ ಕೇಳಿಲ್ಲ, ಅಂತಸ್ತು ತಿಳಿದಿಲ್ಲ. ಆದರೂ ಕೊಳವೆಯ ಹಿಂದೆ ಒಂದು ಜೀವವಿದೆ ಎಂಬುದನ್ನು ಮರೆತಿಲ್ಲ. ಅಂಕಿಯ ಹಿಂದೆಯೂ ಒಂದು ಜೀವವಿದೆ ಎಂದು ನಾವು ನೆನಪಿಡುವುದು ಉಪಕಾರವಲ್ಲ, ತೀರಿಸಬೇಕಾದ ಬಾಕಿ.