ಗಾಲ್ವೆಯ ಮಂಗಳವಾರ

2012ರ ದೀಪಾವಳಿ ಆಗಷ್ಟೇ ಮುಗಿದಿತ್ತು. ಪಡಸಾಲೆಯಲ್ಲಿ ಕೂತು ಆಯಿಗೆ ಪೇಪರ್ ಓದಿ ಹೇಳುತ್ತಿದ್ದೆ. ಬೆಳಗಾವಿಯ ಹುಡುಗಿ, ಹಲ್ಲಿನ ಡಾಕ್ಟರು, ವಯಸ್ಸು 31, ಐರ್ಲೆಂಡಿನ ಗಾಲ್ವೆ ಎಂಬ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಹದಿನೇಳು ವಾರದ ಬಸಿರು. ಅದು ಉಳಿಯುವುದಿಲ್ಲವೆಂದು ಡಾಕ್ಟರುಗಳೇ ಹೇಳಿದ ಮೇಲೆ, ಹಾಗಾದರೆ ತೆಗೆದುಬಿಡಿ ಎಂದು ಕೇಳಿಕೊಂಡಿದ್ದಳು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂದಿದ್ದರು.

ಆಯಿ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವಳು. ಹಳ್ಳಿಯಲ್ಲಿ ಎಷ್ಟೋ ಬಾಣಂತನ ನೋಡಿದವಳು. "ಬಳ್ಳಿ ಉಳದ್ರ ಕಾಯಿ ಮತ್ತ ಬಿಡತೈತಿ. ಅಷ್ಟ ಕಲತ ಮಂದಿಗೆ ಇಷ್ಟೂ ತಿಳೀಲಿಲ್ಲೇನು?" ಎಂದಳು. ಅದು ಅವರ ಧರ್ಮದ ಕಾನೂನಂತೆ ಎಂದೆ. "ಧರ್ಮ ಹಂಗ ಹೇಳತೈತೇನು?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಆಯಿ ಈಗ ಇಲ್ಲ, ಪ್ರಶ್ನೆ ಮಾತ್ರ ಆಗಾಗ ಎದುರಿಗೆ ಬಂದು ನಿಲ್ಲುತ್ತದೆ.

ಸವಿತಾ ಹಾಲಪ್ಪನವರ ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಮರುದಿನ ನೀರು ಒಡೆದಿತ್ತು. ಮಂಗಳವಾರ, ಅಂದರೆ 23ರಂದು, ಗರ್ಭ ತೆಗೆಯಲು ಕೇಳಿಕೊಂಡಳು. ಆ ಹೊತ್ತಿಗೆ ಆಕೆಯ ಜೀವಕ್ಕೆ ಅಪಾಯವಿದೆ ಎಂದು ವೈದ್ಯರಿಗೆ ಅನ್ನಿಸಿರಲಿಲ್ಲ, ಹಾಗಾಗಿ ಕಾನೂನು ಒಪ್ಪುವುದಿಲ್ಲ ಎಂದರು. ಬುಧವಾರ ನಂಜು ಮೈಗೇರಿತ್ತು. ಅದೇ ದಿನ ಭ್ರೂಣ ತಾನಾಗಿಯೇ ಹೋಯಿತು. ಭಾನುವಾರ, 28ಕ್ಕೆ, ಸವಿತಾ ಸತ್ತಳು. ಆಸ್ಪತ್ರೆಯ ತಪ್ಪುಗಳೂ ಇದ್ದವು. ರಕ್ತ ಪರೀಕ್ಷೆಯ ಫಲಿತಾಂಶವನ್ನು ಸಮಯಕ್ಕೆ ನೋಡಿರಲಿಲ್ಲ, ನಾಡಿ ಜ್ವರಗಳನ್ನು ಗಮನಿಸಬೇಕಾದಷ್ಟು ಗಮನಿಸಿರಲಿಲ್ಲ. ಇದನ್ನು ಬಿಟ್ಟು ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಆದರೆ ಆರೋಗ್ಯ ಇಲಾಖೆಯ ತನಿಖಾ ವರದಿಯೇ, ಕಾನೂನನ್ನು ಅರ್ಥಮಾಡಿಕೊಂಡ ರೀತಿಯೂ ಸಾವಿಗೆ ಒಂದು ಕಾರಣ ಎಂದು ಬರೆಯಿತು.

ಸಾವಿನ ವಿಚಾರಣೆಯಲ್ಲಿ ಒಬ್ಬ ಹಿರಿಯ ಸೂಲಗಿತ್ತಿ ನರ್ಸ್ ಸಾಕ್ಷಿ ಹೇಳಿದರು. ಭಾರತದಲ್ಲಾಗಿದ್ದರೆ ಇದು ಆಗುತ್ತಿತ್ತಲ್ಲ ಎಂಬ ಮಾತು ಬಂದಾಗ, ಇದು ಕ್ಯಾಥೊಲಿಕ್ ದೇಶ, ಇಲ್ಲಿ ಹಾಗಾಗುವುದಿಲ್ಲ ಎಂಬ ಅರ್ಥದಲ್ಲಿ ತಾನು ಹೇಳಿದ್ದು ನಿಜ ಎಂದು ಒಪ್ಪಿಕೊಂಡರು. ನೋಯಿಸುವುದಕ್ಕೆ ಹೇಳಿದ್ದಲ್ಲ, ಈಗ ಕೇಳುವಾಗ ಕೆಟ್ಟದಾಗಿ ಕೇಳುತ್ತದೆ ಎಂದು ವಿಷಾದಿಸಿದರು. ನಾನು ಅದನ್ನು ನಂಬುತ್ತೇನೆ. ಆ ಹೆಂಗಸು ಬೋಧನೆ ಮಾಡುತ್ತಿರಲಿಲ್ಲ, ಹವಾಮಾನ ಹೇಳಿದ ಹಾಗೆ ಒಂದು ಸಂಗತಿ ಹೇಳಿದ್ದರು. ನನ್ನನ್ನು ಕಾಡುವುದು ಅದೇ. ಆ ವಾರ್ಡಿನಲ್ಲಿ ಯಾರೂ ದೇವರ ಹೆಸರಿನಲ್ಲಿ ಕ್ರೂರವಾಗಿ ನಡೆದುಕೊಂಡಂತೆ ಕಾಣುವುದಿಲ್ಲ. ವೈದ್ಯರಿಗೆ ಎದುರಿಗಿದ್ದದ್ದು ನರಕದ ಭಯವಲ್ಲ, ಜೈಲಿನ ಭಯ. ಐರ್ಲೆಂಡಿನಲ್ಲಿ ಆಗ ಜಾರಿಯಲ್ಲಿದ್ದ 1861ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಗರ್ಭಪಾತಕ್ಕೆ ಜೀವಾವಧಿಯವರೆಗೂ ಶಿಕ್ಷೆಯಿತ್ತು.

ಆಯಿಯ ಪ್ರಶ್ನೆಗೆ ಬಂದರೆ, ಧರ್ಮ ಹಾಗೆ ಹೇಳುತ್ತದೆಯೇ? ಕ್ಯಾಥೊಲಿಕ್ ನೀತಿಶಾಸ್ತ್ರ ಗರ್ಭಪಾತವನ್ನು ಒಪ್ಪುವುದಿಲ್ಲ, ಅದರಲ್ಲಿ ಅನುಮಾನವಿಲ್ಲ. ಆದರೆ ಥಾಮಸ್ ಅಕ್ವಿನಾಸನಿಂದ ಬೆಳೆದುಬಂದ ಒಂದು ವಿಚಾರ ಅಲ್ಲಿದೆ: ಒಂದು ಕೆಲಸಕ್ಕೆ ಎರಡು ಪರಿಣಾಮಗಳಿರಬಹುದು, ಒಳ್ಳೆಯದನ್ನು ಉದ್ದೇಶಿಸಿ ಮಾಡಿದಾಗ ಬಯಸದ ಕೆಟ್ಟದ್ದೂ ಜೊತೆಗೆ ಬರಬಹುದು, ಉದ್ದೇಶ ಯಾವುದು ಎಂಬುದನ್ನು ನೋಡಬೇಕು ಎಂದು. ತಾಯಿಗೆ ಕೊಡುವ ಚಿಕಿತ್ಸೆಯಿಂದ ಬಯಸದೆ ಗರ್ಭ ಹೋದರೆ ಅದು ಪಾಪವಲ್ಲ. ಇದನ್ನು ಒಪ್ಪಬಹುದು, ಬಿಡಬಹುದು. ಕನಿಷ್ಠ ಇದು ಯೋಚನೆಯ ದಾರಿ. ತೂಗಿ ನೋಡುವುದು, ತಪ್ಪೊಪ್ಪಿಕೊಳ್ಳುವುದು, ಕ್ಷಮೆ ಕೇಳುವುದು, ಒಬ್ಬೊಬ್ಬರ ಸಂಕಟಕ್ಕೆ ಒಂದೊಂದು ಮಾತು, ಇವೆಲ್ಲ ಯಾವುದೇ ಹಳೆಯ ಧರ್ಮದೊಳಗೆ ಇರುತ್ತವೆ. ಕಾನೂನಿನ ಪುಸ್ತಕಕ್ಕೆ ಹತ್ತುವಾಗ ಇವು ಹೊರಗೇ ಉಳಿಯುತ್ತವೆ, ನಿಷೇಧ ಮಾತ್ರ ಒಳಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೆ ಅದನ್ನು ನಡೆಸುವುದಕ್ಕೆ ನಂಬುವವರೇ ಬೇಕಾಗಿಲ್ಲ. ನಂಬದ ವೈದ್ಯರೂ ನಡೆಸುತ್ತಾರೆ, ಆ ಧರ್ಮಕ್ಕೆ ಸೇರದ ಬೆಳಗಾವಿಯ ಹುಡುಗಿಯ ಮೇಲೂ ನಡೆಯುತ್ತದೆ.

ಅದು ಹತ್ತಿದ್ದು ಹೇಗೆ ಎನ್ನುವುದು ನಮ್ಮಂಥವರು ತಿಳಿದುಕೊಳ್ಳಬೇಕಾದ ಕತೆ. 1980ರ ಹೊತ್ತಿಗೆ ಐರ್ಲೆಂಡಿನಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡಿ ಎಂದು ಯಾವ ದೊಡ್ಡ ಪಕ್ಷವೂ ಕೇಳುತ್ತಿರಲಿಲ್ಲ, ಅದು ಅಪರಾಧವಾಗಿಯೇ ಇತ್ತು. ಆದರೂ ಭಯವಿತ್ತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರೋ ಪ್ರಕರಣದ ತೀರ್ಪು ಕೊಟ್ಟಿತ್ತು. ಅದೇ ವರ್ಷ ಐರಿಷ್ ಸುಪ್ರೀಂ ಕೋರ್ಟೂ ದಂಪತಿಗಳು ಗರ್ಭನಿರೋಧಕ ಬಳಸುವುದು ಅವರ ಖಾಸಗಿ ವಿಷಯ ಎಂದಿತ್ತು. ನಾಳೆ ನ್ಯಾಯಾಧೀಶರು ಇನ್ನೇನು ಹೇಳುತ್ತಾರೋ ಎಂದು 1981ರಲ್ಲಿ ಒಂದು ಗುಂಪು ಹುಟ್ಟಿಕೊಂಡು, ನಿಷೇಧವನ್ನು ಸಂವಿಧಾನಕ್ಕೇ ಸೇರಿಸಿ ಎಂದು ಹಟ ಹಿಡಿಯಿತು. ಆ ಹದಿನೆಂಟು ತಿಂಗಳಲ್ಲಿ ಐರ್ಲೆಂಡಿನಲ್ಲಿ ಮೂರು ಸಾರ್ವತ್ರಿಕ ಚುನಾವಣೆಗಳಾದವು. ಯಾರಿಗೂ ಗಟ್ಟಿ ಬಹುಮತವಿಲ್ಲ, ನಾಲ್ಕು ವೋಟೂ ದೊಡ್ಡದು. ಹಾಹಿ, ಫಿಟ್ಜ್‌ಜೆರಾಲ್ಡ್ ಇಬ್ಬರೂ ನಾಯಕರು ಆ ಗುಂಪಿಗೆ ಮಾತು ಕೊಟ್ಟರು. ಪಾದ್ರಿಗಳು ಪಾರ್ಲಿಮೆಂಟಿಗೆ ನುಗ್ಗಲಿಲ್ಲ. ಸೋಲುವ ಭಯವಿದ್ದವರು ತಾವಾಗಿ ಬಾಗಿಲು ತೆಗೆದರು. ಈ ಮಾತುಗಳು ಅಸ್ಪಷ್ಟವಾಗಿವೆ, ಮುಂದೆ ತೊಂದರೆಯಾದೀತು ಎಂದು ಸರ್ಕಾರದ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಎಚ್ಚರಿಸಿದ್ದರು. ಕೇಳಲಿಲ್ಲ. 1983ರ ಸೆಪ್ಟೆಂಬರ್ 7ರಂದು ಜನಮತ ನಡೆದು, ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನ ಎಂಬ ಎಂಟನೇ ತಿದ್ದುಪಡಿ ಗೆದ್ದಿತು. ಪರವಾಗಿ ಬಿದ್ದ ಮತ ಶೇ. 66.9. ಆಗ ಸವಿತಾ ಎರಡು ವರ್ಷದ ಮಗುವೇನೋ.

ಅದಾದ ಮೇಲೂ ಐರಿಷ್ ಹೆಣ್ಣುಮಕ್ಕಳು ಇಂಗ್ಲೆಂಡಿಗೆ ಹೋಗಿ ಗರ್ಭ ತೆಗೆಸಿಕೊಂಡು ಬರುತ್ತಿದ್ದರು. 1992ರಲ್ಲಿ ಇನ್ನೊಂದು ತಿದ್ದುಪಡಿಯಾಗಿ, ಹಾಗೆ ಹೋಗುವುದನ್ನು ತಡೆಯುವಂತಿಲ್ಲ ಎಂದೂ ಸಂವಿಧಾನಕ್ಕೆ ಸೇರಿತು! ಇಲ್ಲಿ ಅಪರಾಧ, ಸಮುದ್ರ ದಾಟಿದರೆ ನಿನ್ನಿಷ್ಟ. ಹಡಗಿನ ಟಿಕೆಟ್ಟಿಗೆ ದುಡ್ಡಿದ್ದವರಿಗೆ ಇದು ನಡೆಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ನೀರು ಒಡೆದು ಮಲಗಿದವಳು ಎಲ್ಲಿಗೆ ಹೋಗಬೇಕಿತ್ತು?

2018ರ ಮೇ 25ರಂದು ಐರ್ಲೆಂಡ್ ಎಂಟನೇ ತಿದ್ದುಪಡಿಯನ್ನು ತೆಗೆದುಹಾಕಿತು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾಳ ಚಿತ್ರ ಬರೆದಿದ್ದರು. ಮತ ಹಾಕಿ ಬಂದವರು ಅದರ ಸುತ್ತ ಕ್ಷಮಿಸು ಎಂದು ಚೀಟಿ ಅಂಟಿಸಿದರು. ತಿದ್ದುಪಡಿಯನ್ನು ತೆಗೆಯಿರಿ ಎಂದು ಆಕೆಯ ತಂದೆ ನಮ್ಮ ಸೀಮೆಯಿಂದಲೇ ಮನವಿ ಮಾಡಿದ್ದರು. ಆ ದಿನ ಫೇಸ್‌ಬುಕ್ಕಿನಲ್ಲಿ ನಾನೂ ಸಂಭ್ರಮಪಟ್ಟೆ. ಆಮೇಲೆ ಅಂಕಿ ನೋಡಿದೆ. ತೆಗೆಯಬೇಕೆಂದವರು ಶೇ. 66.4.

1983ರಲ್ಲಿ 66.9, 2018ರಲ್ಲಿ 66.4. ಮೂವತ್ತೈದು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಜನ ಒಂದು ಹಕ್ಕನ್ನು ಕಟ್ಟಿಹಾಕಿದರು, ಹೆಚ್ಚುಕಡಿಮೆ ಅಷ್ಟೇ ಪಾಲು ಜನ ಬಿಚ್ಚಿದರು. ಎರಡನೆಯದು ಪ್ರಜಾಪ್ರಭುತ್ವದ ಗೆಲುವಾದರೆ ಮೊದಲನೆಯದು ಏನು? ಜನರೇ ತಪ್ಪು ತಿದ್ದಿಕೊಂಡರು ಎಂದು ಗೆಳೆಯರೊಬ್ಬರು ವಾದಿಸುತ್ತಾರೆ, ಬೇರೆ ಯಾವ ವ್ಯವಸ್ಥೆಯಲ್ಲಿ ಅದಾದರೂ ಆಗುತ್ತಿತ್ತು ಎನ್ನುತ್ತಾರೆ. ಮಾತು ಸುಳ್ಳಲ್ಲ, ನನ್ನಲ್ಲಿ ಬೇರೆ ವ್ಯವಸ್ಥೆಯೂ ಇಲ್ಲ. ಆದರೂ ನನ್ನ ದೇಹದ ಬಗ್ಗೆ ಊರವರು ವೋಟು ಹಾಕುವುದು, ಅವರು ದೊಡ್ಡ ಮನಸ್ಸು ಮಾಡಿ ನನ್ನ ಪರವಾಗಿಯೇ ಹಾಕಿದರೂ, ನನಗೆ ಇಷ್ಟವಾಗುವುದಿಲ್ಲ. ಮಂಗಳವಾರ ಕೇಳಿದ ಸವಿತಾಳಿಗೆ ಬೇಕಾಗಿದ್ದದ್ದು ಬಹುಮತವಲ್ಲ, ಒಬ್ಬ ವೈದ್ಯರು ಮತ್ತು ಅವಳದೇ ಒಪ್ಪಿಗೆ.

ನಾವು ಈ ವಿಷಯದಲ್ಲಿ ಬೀಗುವಂತಿಲ್ಲ. ನಮ್ಮಲ್ಲಿ 1971ರಲ್ಲೇ ಗರ್ಭಪಾತದ ಕಾಯ್ದೆ ಬಂತು. ಅದರ ಹಿಂದೆ ಜನಸಂಖ್ಯೆಯ ಚಿಂತೆಯೇ ದೊಡ್ಡದಾಗಿತ್ತು, ಹೆಣ್ಣಿನ ಹಕ್ಕಿನ ಮಾತು ಕಡಿಮೆ. ಮದುವೆಯಾಗದ ಹೆಣ್ಣಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2022ರಲ್ಲಿ. ಇನ್ನು ಹೆಣ್ಣು ಭ್ರೂಣವನ್ನೇ ಆರಿಸಿ ತೆಗೆಸುವ ನಮ್ಮ ಮನೆಗಳಲ್ಲಿ ಒಪ್ಪಿಗೆ ಎಂಬುದು ಯಾರದ್ದು ಎನ್ನುವುದು ಬೇರೆಯೇ ಪ್ರಬಂಧ. ನಂಬಿಕೆ ನಮ್ಮಲ್ಲಿ ಸರ್ಕಾರದ ಕಾಗದದೊಳಗೆ ಕೂತಿರುವ ಜಾಗ ಬೇರೆ. ಅದನ್ನು ನಾನು ಕಂಡದ್ದು ಒಂದು ನೋಂದಣಿ ಕಚೇರಿಯಲ್ಲಿ.

ನನ್ನ ಸ್ನೇಹಿತೆಯೊಬ್ಬಳು ಬೇರೆ ಧರ್ಮದ ಹುಡುಗನನ್ನು ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಹಾಕಿದಳು. ಅರ್ಜಿಯ ವಿವರವನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು, ಮೂವತ್ತು ದಿನ ಕಾಯಬೇಕು, ಅಷ್ಟರಲ್ಲಿ ಯಾರು ಬೇಕಾದರೂ ಬಂದು ಆಕ್ಷೇಪಣೆ ಹೇಳಬಹುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಛತ್ರದಲ್ಲಿ ತಾಳಿ ಕಟ್ಟಿಕೊಂಡವರನ್ನು ಯಾರೂ ಹೀಗೆ ಬೋರ್ಡಿಗೆ ಹಾಕುವುದಿಲ್ಲ. ನಾಲ್ಕನೇ ದಿನಕ್ಕೆ ನೋಟಿಸಿನ ಫೋಟೋ, ಮನೆ ವಿಳಾಸದ ಸಮೇತ, ವಾಟ್ಸಾಪಿನಲ್ಲಿ ಅವಳ ಊರು ತಲುಪಿತ್ತು. ಆರನೇ ದಿನ ಯಾರೋ ನಾಲ್ವರು ಅವಳ ಅಪ್ಪನ ಅಂಗಡಿ ಮುಂದೆ ಬಂದು ನಿಂತರು. ಅದನ್ನು ತೆಗೆದುಬಿಡಿ ಎಂದು ಕೇಳಲು ಕಚೇರಿಗೆ ಹೋದೆವು. ಗುಮಾಸ್ತರು ಒಳ್ಳೆಯ ಮನುಷ್ಯ, ನಮಗೆ ಚಹಾ ತರಿಸಿದರು. "ನಂದೇನೂ ಇಲ್ಲಮ್ಮ, ನನ್ನ ಮಗಳೂ ಹಿಂಗೇ ಆಗಿದ್ದು. ಆದ್ರೆ ರೂಲ್ಸು ಹಂಗೈತೆ, ತೆಗೆದ್ರೆ ನನ್ನ ಕೆಲಸ ಹೋಗ್ತದೆ" ಎಂದರು.

ಚಹಾ ಕುಡಿಯುತ್ತ ನಾನು ಗಾಲ್ವೆಯ ಆ ನರ್ಸನ್ನು ನೆನೆದೆ. ಅವರೂ ಸವಿತಾಳ ಹಾಸಿಗೆಯ ಪಕ್ಕ ಹೀಗೇ, ಸಮಾಧಾನದ ದನಿಯಲ್ಲಿ ಮಾತಾಡಿದ್ದಿರಬಹುದು.

ಮೂವತ್ತು ದಿನ ಸ್ನೇಹಿತೆ ನಮ್ಮ ಮನೆಯಲ್ಲಿದ್ದಳು. ಅಪ್ಪ ಅಂಗಡಿಯ ಬಾಗಿಲನ್ನು ಅರ್ಧ ಹಾಕಿಕೊಂಡೇ ವ್ಯಾಪಾರ ಮಾಡಿದರು. ಮೂವತ್ತನಾಲ್ಕನೇ ದಿನ ಮದುವೆ ನೋಂದಣಿಯಾಯಿತು. ಸಾಕ್ಷಿಗೆ ಮೂವರು ಬೇಕಿತ್ತು. ಇಬ್ಬರು ಬಂದಿದ್ದೆವು, ಮೂರನೆಯವರು ಹೊರಟವರು ಹೆದರಿ ದಾರಿಯಿಂದಲೇ ವಾಪಸ್ಸಾಗಿದ್ದರು. ಕೊನೆಗೆ ಹೊರಗೆ ಸ್ಟಾಂಪ್ ಪೇಪರ್ ಬರೆಯುತ್ತಿದ್ದ ಮುದುಕರೊಬ್ಬರನ್ನು ಕರೆತಂದೆವು. ಅವರು ಹೆಸರು ಕೇಳಲಿಲ್ಲ, ಕನ್ನಡಕ ಒರೆಸಿಕೊಂಡು, ಎಲ್ಲಿ ಸಹಿ ಮಾಡಬೇಕು ಎಂದಷ್ಟೇ ಕೇಳಿದರು.