ಪದದ ಅರ್ಥವೂ ಪದದ ಋಣವೂ

ಪದವೊಂದರ ಅರ್ಥವನ್ನು ತಿಳಿಯುವುದೆಂದರೇನು? ಕೋಶದಲ್ಲಿ ಅದರ ಮುಂದೆ ಬರೆದಿರುವುದನ್ನು ಓದಿಕೊಳ್ಳುವುದೇ, ಅಥವಾ ಆ ಪದವು ನಮ್ಮಿಂದ ಏನನ್ನು ಬಯಸುತ್ತದೆಂಬುದನ್ನು ಅರಿಯುವುದೇ? ವಚನಗಳನ್ನು ನಿತ್ಯ ಓದುವವರಿಗೆ ಈ ಪ್ರಶ್ನೆ ಹೊಸತಲ್ಲ. ಆದರೆ ಅಂಗೈಯಲ್ಲಿ ಹಿಡಿದ ಮೊಬೈಲಿನಲ್ಲಿಯೇ ಕ್ಷಣಾರ್ಧದಲ್ಲಿ ಅರ್ಥವು ದೊರೆಯುವ ಈ ದಿನಗಳಲ್ಲಿ ಅದನ್ನು ಮತ್ತೊಮ್ಮೆ ವಿಚಾರಿಸುವುದು ಉಚಿತವೆಂದು ತೋರುತ್ತದೆ. ಈ ವಿಚಾರಕ್ಕೆ ಕಾರಣವಾದುದು ನನ್ನದೇ ಒಂದು ತಪ್ಪು. ಅದನ್ನು ಮರೆಮಾಡದೆ ಹೇಳುವೆನು.

ನಾನಿರುವುದು ಶೃಂಗೇರಿಯ ಸಮೀಪದ ಮೆಣಸೆಯಲ್ಲಿ. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವಗಾಂಧಿ ಪರಿಸರವು ಇಲ್ಲಿಯೇ ಇರುವುದರಿಂದ ಶಬ್ದಾರ್ಥದ ಚರ್ಚೆ ಈ ಊರಿಗೆ ಅಪರಿಚಿತವಲ್ಲ. ನಾನೂ ಬಾಲ್ಯದಲ್ಲಿ ಅಮರಕೋಶದ ಮೂರು ಕಾಂಡಗಳನ್ನು ಕಂಠಪಾಠ ಮಾಡಿದವನು. ಪದ ಕೇಳಿದೊಡನೆ ಪರ್ಯಾಯ ಪದಗಳನ್ನು ಸಾಲಾಗಿ ಹೇಳಬಲ್ಲೆನೆಂಬ ಹೆಮ್ಮೆಯುಳ್ಳವನು. ಕಳೆದ ವರ್ಷ ಮಠದ ಶಾಲೆಯಲ್ಲಿ ಬಸವಣ್ಣನವರ ವಚನವೊಂದನ್ನು ಪಾಠ ಮಾಡುತ್ತಿದ್ದೆನು. ಅದರಲ್ಲಿ ಅಣ್ಣನವರು ‘ಜೋಳವಾಳಿ’ಯನ್ನು ಬಿಟ್ಟು ‘ವೇಳೆವಾಳಿ’ಯನ್ನು ತಮ್ಮದೆಂದು ಒಪ್ಪಿಕೊಳ್ಳುತ್ತಾರೆ. ಅನ್ನವನ್ನೇ ಉಂಡು ಬೆಳೆದ ನಮ್ಮ ಮಲೆನಾಡಿನ ಹುಡುಗರಿಗೆ ಜೋಳವೇ ದೂರದ ಧಾನ್ಯ. ಒಬ್ಬನು ಎದ್ದು ನಿಂತು ಈ ಎರಡು ಪದಗಳ ಅರ್ಥವನ್ನು ಕೇಳಿದನು. ನಾನು ಕೋಶವನ್ನು ನೋಡಿರಲಿಲ್ಲ. ಆದರೂ ತಡಮಾಡದೆ, “ಜೋಳಕ್ಕಾಗಿ ದುಡಿಯುವವನು ಜೋಳವಾಳಿ, ಹೊತ್ತು ನೋಡಿಕೊಂಡು ದುಡಿಯುವವನು ವೇಳೆವಾಳಿ” ಎಂದುಬಿಟ್ಟೆನು.

ಮರುದಿನ ಆ ಹುಡುಗನು ತರಗತಿ ಮುಗಿದ ಮೇಲೆ ನನ್ನ ಬಳಿಗೆ ಬಂದು, “ಗುರುಗಳೆ, ಮನೆಯಲ್ಲಿ ಅಕ್ಕನ ಮೊಬೈಲಿನಲ್ಲಿ ನೋಡಿದೆ. ತಾವು ಹೇಳಿದ ಅರ್ಥ ಅಲ್ಲಿ ಇಲ್ಲವಲ್ಲ?” ಎಂದು ವಿನಯದಿಂದಲೇ ಕೇಳಿದನು. “ಅಂತರ್ಜಾಲದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯುತ್ತಾರೆ, ಹೋಗು” ಎಂದು ಅವನನ್ನು ಕಳುಹಿಸಿದೆನು.

ಸಂಜೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತೆರೆದಾಗ ಹುಡುಗನ ಮಾತೇ ನಿಜವೆಂದು ತಿಳಿಯಿತು. ಹಳಗನ್ನಡದಲ್ಲಿ ‘ಪಾಳಿ’ ಎಂದರೆ ಕ್ರಮ, ಧರ್ಮ. ಸಮಾಸದಲ್ಲಿ ಅದು ‘ವಾಳಿ’ಯಾಗುತ್ತದೆ. ಉಂಡ ಜೋಳದ ಋಣವನ್ನು ತೀರಿಸುವ ಸೇವಕಧರ್ಮ ಜೋಳವಾಳಿ. ಒಡೆಯನಿಗೆ ಒದಗಬೇಕಾದ ವೇಳೆಯಲ್ಲಿ ಪ್ರಾಣವನ್ನಾದರೂ ಕೊಡುವೆನೆಂಬ ಪ್ರತಿಜ್ಞೆ ವೇಳೆವಾಳಿ. ಇದು ಕೇವಲ ಕವಿಸಮಯವಲ್ಲ. 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮನು ಪತ್ನಿಯೊಡನೆಯೂ ಅನುಚರರೊಡನೆಯೂ ಪ್ರಾಣವನ್ನರ್ಪಿಸಿದುದನ್ನು ಹಳೇಬೀಡಿನ ಗರುಡಗಂಬದ ಶಾಸನವು ಇಂದಿಗೂ ಸಾರುತ್ತಿದೆ. ಅರಸನಿಗೆ ಸಲ್ಲುತ್ತಿದ್ದ ಅಂತಹ ನಿಷ್ಠೆಯ ಪದವನ್ನು ಬಸವಣ್ಣನವರು ಅರಸನಿಂದ ಬಿಡಿಸಿ ಕೂಡಲಸಂಗಮದೇವನಿಗೆ ಒಪ್ಪಿಸಿದರು. ನಾನಾದರೋ ಪ್ರಾಣಾರ್ಪಣೆಯ ಪದವನ್ನು ಗಳಿಗೆಯ ಲೆಕ್ಕದ ಕೂಲಿಗೆ ಇಳಿಸಿದ್ದೆನು.

ಇಲ್ಲಿ ಎರಡು ದೋಷಗಳಿವೆ. ಅವುಗಳನ್ನು ಬೇರೆ ಬೇರೆಯಾಗಿ ನೋಡತಕ್ಕುದು. ಪದವನ್ನು ಅರಿಯದಿದ್ದುದು ಮೊದಲನೆಯದು. ಅದು ಅಜ್ಞಾನ, ಕಲಿತರೆ ನೀಗುವಂತಹುದು. ಅರಿಯದುದನ್ನು ಅರಿತವನಂತೆ ನುಡಿದು, ನಿಜವನ್ನು ತಂದವನನ್ನು ಗದರಿಸಿ ಕಳುಹಿಸಿದುದು ಎರಡನೆಯದು, ಅದು ಅಸತ್ಯ. ಮೊದಲನೆಯದಕ್ಕೆ ಕೋಶವೇ ಮದ್ದು. ಎರಡನೆಯದಕ್ಕೆ ಯಾವ ಕೋಶದಲ್ಲಿಯೂ ಮದ್ದಿಲ್ಲ.

ಅಂತರ್ಜಾಲದ ವಿಷಯದಲ್ಲಿ ನಾನಾಡಿದ ಮಾತೂ ನ್ಯಾಯವಾದುದಲ್ಲ. ಆ ಯಂತ್ರದ ಹಿಂದೆ ಇರುವುದು ಮನುಷ್ಯರ ಕಾಯಕವೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲ್ ಅವರ ಕೋಶವು ಇಂದು ಯಾರಿಗಾದರೂ ಅಲ್ಲಿ ದೊರೆಯುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ಕೋಶವು 2019ರಲ್ಲಿ ಎಲ್ಲರ ಬಳಕೆಗೆ ತೆರೆಯಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಮಿಗಿಲಾದ ಪದಗಳಿವೆ. ‘ವಚನ ಸಂಚಯ’ದಲ್ಲಿ ಒಂದು ಪದವನ್ನು ಬರೆದರೆ ಅದು ಬರುವ ವಚನಗಳೆಲ್ಲವೂ ಕಣ್ಣಮುಂದೆ ನಿಲ್ಲುತ್ತವೆ. ದುಡಿದು ಗಳಿಸಿದುದನ್ನು ಬೆಲೆ ಕೇಳದೆ ಬಡಿಸುವುದು ದಾಸೋಹವೆಂದಾದರೆ, ಇದನ್ನೂ ಹಾಗೆಂದು ಕರೆಯಲು ಅಡ್ಡಿಯೇನು?

ಹಾಗಾದರೆ ಅಂತರ್ಜಾಲದ ಅರ್ಥವೊಂದೇ ಸಾಲದೇ? ಸಾಲದು. ನಮ್ಮ ನೈಯಾಯಿಕರು ಪದದ ಅರ್ಥವನ್ನು ಗ್ರಹಿಸಲು ಎಂಟು ಸಾಧನಗಳನ್ನು ಹೇಳಿದ್ದಾರೆ: ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವರಣೆ, ತಿಳಿದ ಪದದ ಸಾನ್ನಿಧ್ಯ. ಕೋಶವು ಇವುಗಳಲ್ಲಿ ಒಂದು ಮಾತ್ರ. ನಮ್ಮ ಇನ್ನೊಬ್ಬ ವಿದ್ಯಾರ್ಥಿಯು ‘ಬೆಡಗು’ ಎಂಬ ಪದವನ್ನು ಹುಡುಕಿ, ಮೊದಲು ಕಂಡ ‘ಸೊಬಗು’ ಎಂಬ ಅರ್ಥವನ್ನೇ ಹಿಡಿದು, ಬೆಡಗಿನ ವಚನವೆಂದರೆ ಸೊಗಸಾದ ವಚನವೆಂದು ಬರೆದನು. ಒಗಟಿನಂತೆ ಅರ್ಥವನ್ನು ಒಳಗೆ ಬಚ್ಚಿಟ್ಟುಕೊಂಡ ವಚನವದು ಎಂಬುದು ಅವನಿಗೆ ಹೊಳೆಯಲಿಲ್ಲ. ನಾನು ಕೋಶವನ್ನು ನೋಡದೆ ಕೆಟ್ಟೆನು. ಅವನು ಕೋಶವನ್ನಷ್ಟೇ ನೋಡಿ ಕೆಟ್ಟನು. ಇಬ್ಬರೂ ಬಿಟ್ಟುದು ವಾಕ್ಯಶೇಷವನ್ನು. ನಾನು ಆ ವಚನದ ಉಳಿದ ಸಾಲುಗಳಿಗೆ ಕಿವಿಗೊಟ್ಟಿದ್ದರೆ, ಅಲ್ಲಿ ನುಡಿಯುತ್ತಿರುವುದು ಕೂಲಿಯಾಳಲ್ಲ, ಪ್ರಾಣಕ್ಕೆ ಅಂಜದ ಬಂಟನೆಂದು ತಾನಾಗಿಯೇ ತಿಳಿಯುತ್ತಿತ್ತು.

ಇಷ್ಟೆಲ್ಲ ಸಾಧನಗಳಿಂದ ಅರ್ಥವನ್ನು ಗ್ರಹಿಸಿದ ಮೇಲೂ ವಚನದ ಪದವು ಸುಮ್ಮನಿರುವುದಿಲ್ಲ, ‘ನೀನು ಯಾರು?’ ಎಂದು ತಿರುಗಿ ಕೇಳುತ್ತದೆ. ಆ ರಾತ್ರಿ ನನ್ನನ್ನು ಕೇಳಿದುದೂ ಅದನ್ನೇ. ಸಂಬಳಕ್ಕೆ ಕೊರತೆಯಾಗದಂತೆ ಪಾಠ ಒಪ್ಪಿಸಿ, ಗೌರವಕ್ಕೆ ಕುಂದು ಬಾರದಂತೆ ಉತ್ತರ ಹೇಳಿ ಬಂದವನು ಜೋಳವಾಳಿಯಲ್ಲವೆ? ಅದೂ ಧರ್ಮವೇ, ಹೀನವೇನಲ್ಲ. ಆದರೆ ಸತ್ಯಕ್ಕೆ ಒದಗಬೇಕಾದ ವೇಳೆ ಬಂದಾಗ ನಾನು ಹಿಂದೆ ಸರಿದಿದ್ದೆನು. ನನಗೆ ಕೊಡಬೇಕಾಗಿದ್ದುದು ಪ್ರಾಣವಲ್ಲ, ‘ನನಗೆ ತಿಳಿಯದು’ ಎಂಬ ಎರಡು ಪದಗಳು ಮಾತ್ರ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಹೇಳಿ, ಸರಿಯಾದ ಅರ್ಥವನ್ನು ಆ ಹುಡುಗನಿಂದಲೇ ಓದಿಸಿದೆನು. ಅಂದಿನಿಂದ ನಮ್ಮಲ್ಲಿ ಒಂದು ಕ್ರಮವಿದೆ. ಅಪರಿಚಿತ ಪದ ಬಂದರೆ ಮೊದಲು ವಚನವನ್ನು ಪೂರ್ತಿಯಾಗಿ ಮೂರು ಬಾರಿ ಓದುವುದು, ಪ್ರತಿಯೊಬ್ಬನೂ ತನ್ನ ಊಹೆಯನ್ನು ಬರೆಯುವುದು, ನಾನೂ ಬರೆಯುವುದು, ಆಮೇಲೆ ಮೇಜಿನ ಮೇಲಿನ ನನ್ನ ಮೊಬೈಲಿನಲ್ಲಿ ಹುಡುಕಿ ನೋಡುವುದು. ಕಳೆದ ವಾರವೂ ನನ್ನ ಊಹೆ ತಪ್ಪಿತು. ಹುಡುಗರು ನಕ್ಕರು, ನಾನೂ ನಕ್ಕು, ಹಲಗೆಯ ಮೇಲೆ ನಾನು ಬರೆದುದನ್ನು ಅಳಿಸಿದೆನು.