ಹೊಸಬರನ್ನು ಬೇರೆ ಇಡುವುದು ನ್ಯಾಯವೆ?

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ಅಂಗಡಿಯಿಂದ ಹೊಸ ಮೀನು ಬಂದಿದೆ. ಪ್ಲಾಸ್ಟಿಕ್ ಚೀಲದಲ್ಲಿ ಚುರುಕಾಗಿಯೇ ಓಡಾಡುತ್ತಿದೆ. ಅದನ್ನು ಈಗಲೇ ದೊಡ್ಡ ತೊಟ್ಟಿಗೆ ಬಿಟ್ಟು ನೋಡಬೇಕೆಂದು ಮಕ್ಕಳಿಗೆ ಆತುರ. ಬಲ್ಲವರು ಹೇಳುವುದೇ ಬೇರೆ: ಎರಡರಿಂದ ನಾಲ್ಕು ವಾರ ಅದನ್ನು ಇನ್ನೊಂದು ತೊಟ್ಟಿಯಲ್ಲಿಡಿ, ಆಮೇಲೆ ಸೇರಿಸಿ. ಯಾವ ತಪ್ಪನ್ನೂ ಮಾಡದ, ಯಾವ ರೋಗದ ಗುರುತೂ ಕಾಣದ ಒಂದು ಜೀವವನ್ನು, ಹೊಸದು ಎಂಬ ಒಂದೇ ಕಾರಣಕ್ಕೆ ಒಂಟಿಯಾಗಿಡುವುದು ಸರಿಯೆ? ಊರು ಬಿಟ್ಟು ಊರಿಗೆ ಬಂದು, ಹೆಜ್ಜೆ ಇಟ್ಟಲ್ಲೆಲ್ಲ ಹೊಸಬರೆನಿಸಿಕೊಂಡ ನಮ್ಮಂಥವರು ಈ ಪ್ರಶ್ನೆಯನ್ನು ನಕ್ಕು ಬಿಡುವಂತಿಲ್ಲ.

ಮೊದಲು ರೋಗದ ಸಂಗತಿಯನ್ನು ನೋಡೋಣ. ಸಿಹಿನೀರಿನ ಮೀನುಗಳಿಗೆ ಸಾಮಾನ್ಯವಾಗಿ ತಗಲುವುದು ಬಿಳಿಚುಕ್ಕೆ ರೋಗ. ಮೈಮೇಲೆ ರವೆ ಉದುರಿಸಿದಂತೆ ಸಣ್ಣ ಚುಕ್ಕೆಗಳೇಳುತ್ತವೆ. ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ, ಮೇವು ಬಿಡುತ್ತದೆ. ಇದಕ್ಕೆ ಕಾರಣ ಒಂದು ಏಕಕೋಶ ಜೀವಿ. ಅದು ಮೀನಿನ ಚರ್ಮದಡಿಯಲ್ಲಿ ಕುಳಿತು ತಿಂದು ಬೆಳೆಯುತ್ತದೆ. ಬೆಳೆದ ಮೇಲೆ ಕಳಚಿಕೊಂಡು ತೊಟ್ಟಿಯ ತಳ ಸೇರಿ, ಸುತ್ತ ಒಂದು ಕವಚ ಕಟ್ಟಿಕೊಂಡು, ಒಂದಿದ್ದದ್ದು ನೂರಾರಾಗುತ್ತದೆ. ಆ ನೂರಾರು ಮರಿಗಳು ನೀರಿಗೆ ಬಿದ್ದು ಮತ್ತೊಂದು ಮೀನನ್ನು ಅರಸುತ್ತವೆ. ಒಂದೆರಡು ದಿನದಲ್ಲಿ ಸಿಕ್ಕದಿದ್ದರೆ ಸಾಯುತ್ತವೆ. ಮುಂಬಯಿಯ ಸೆಕೆಯಲ್ಲಿ ಈ ಸುತ್ತು ವಾರದೊಳಗೆ ಮುಗಿಯಬಹುದು. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಕಿವಿರಿನೊಳಗೆ ನಾಲ್ಕಾರು ಜೀವಿಗಳಷ್ಟೇ ಇದ್ದರೆ ಹೊರಮೈಯಲ್ಲಿ ಒಂದು ಚುಕ್ಕೆಯೂ ಕಾಣದು. ಆದ್ದರಿಂದ ಇಂದು ಮೀನು ಚೆನ್ನಾಗಿ ಕಂಡಿತೆಂದರೆ ಅದು ಯಾವುದಕ್ಕೂ ಸಾಕ್ಷಿಯಲ್ಲ. ಇಲ್ಲಿ ಸಾಕ್ಷಿ ಹೇಳಬಲ್ಲದ್ದು ಕಾಲವೊಂದೇ.

ಇಷ್ಟು ಕೇಳಿದವರು, ಹಾಗಾದರೆ ಹೊಸ ಮೀನಿನ ಮೇಲೆ ಸಂಶಯಪಡುವುದು ಸರಿಯೇ ಆಯಿತು ಎನ್ನಬಹುದು. ಆದರೆ ಸಂಗತಿಯ ಇನ್ನೊಂದು ಮಗ್ಗುಲನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಹಳೆಯ ತೊಟ್ಟಿ ಏನೂ ಪವಿತ್ರವಲ್ಲ. ಅಲ್ಲಿಯ ಮೀನುಗಳು ಎಷ್ಟೋ ರೋಗಾಣುಗಳೊಡನೆ ಒಗ್ಗಿಕೊಂಡು, ತಾವು ಕಾಯಿಲೆ ಬೀಳದೆ ಬದುಕಿರುತ್ತವೆ. ಹೊಸದಾಗಿ ಬಂದದ್ದಾದರೋ ಪ್ರಯಾಣದಲ್ಲಿ ಬಳಲಿರುತ್ತದೆ. ಚೆನ್ನೈಯ ಕೊಳತ್ತೂರಿನಂಥ ಸಾಕಣೆಯ ಜಾಗದಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಮನೆಗೆ, ಹೀಗೆ ಚೀಲದಿಂದ ಚೀಲಕ್ಕೆ, ನೀರಿನಿಂದ ನೀರಿಗೆ ಬದಲಾಗುತ್ತ ಬರುವ ಮೀನಿಗೆ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ. ಅದನ್ನು ನೇರವಾಗಿ ತೊಟ್ಟಿಗೆ ಬಿಟ್ಟರೆ ನಮ್ಮ ರೋಗ ಅದಕ್ಕೆ ತಗಲುವ ಸಂಭವವೂ ಉಂಟು. ಬೇರೆ ತೊಟ್ಟಿ ಹಳಬರಿಗೆ ಕಾವಲಾಗಿರುವಂತೆ ಹೊಸಬರಿಗೆ ಆರೈಕೆಯ ಕೋಣೆಯೂ ಹೌದು. ಬಾಣಂತಿಯ ಕೋಣೆಗೆ ಹೊರಗಿನವರನ್ನು ಬಿಡದಿರುವಾಗ ನಾವು ತಾಯಿ ಮಗುವನ್ನು ಅವಮಾನಿಸಿದಂತಾಯಿತೆ?

ಈ ಆರೈಕೆಯ ಕೋಣೆ ಹೇಗಿರಬೇಕು? ಇಪ್ಪತ್ತು ಮೂವತ್ತು ಲೀಟರಿನ ಸಾದಾ ತೊಟ್ಟಿ ಸಣ್ಣ ಮೀನುಗಳಿಗೆ ಸಾಕು. ಒಂದು ಸ್ಪಂಜಿನ ಫಿಲ್ಟರು, ಅಡಗಿಕೊಳ್ಳಲು ಪೈಪಿನ ತುಂಡು ಅಥವಾ ಮಗುಚಿದ ಪುಟ್ಟ ಮಣ್ಣಿನ ಕುಡಿಕೆ, ದಿಲ್ಲಿ ಪುಣೆಯ ಚಳಿಯಲ್ಲಾದರೆ ಒಂದು ಹೀಟರು. ತಳಕ್ಕೆ ಜಲ್ಲಿ ಬೇಡ. ಅದರ ಸಂದಿಯಲ್ಲಿ ರೋಗ ಅಡಗುತ್ತದೆ, ಕಸ ಕಾಣುವುದಿಲ್ಲ. ನಲ್ಲಿನೀರಿನ ಕ್ಲೋರಿನ್ ಹೋಗಲಾಡಿಸಲು ಹಿಂದೆ ಫೋಟೋ ತೊಳೆಯುವವರು ಬಳಸುತ್ತಿದ್ದ ಹೈಪೋ ಹರಳೇ ಆಗುತ್ತದೆ. ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಬಿಸುಪು ಸರಿದೂಗಿದ ಮೇಲೆ ಮೀನನ್ನು ಬಲೆಯಲ್ಲಿ ತೆಗೆದು ಬಿಡಬೇಕು. ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಬಲೆ, ಬಕೆಟ್ಟು, ನೀರೆಳೆಯುವ ಕೊಳವೆ, ಎಲ್ಲವೂ ಈ ತೊಟ್ಟಿಗೇ ಮೀಸಲು. ಕೈ ತೊಳೆಯದೆ ಒಂದರಿಂದ ಇನ್ನೊಂದಕ್ಕೆ ಹೋಗಬಾರದು. ಮೀನಿನ ಕೆಲವು ಸೋಂಕು ಗಾಯವಾದ ಕೈಯ ಮೂಲಕ ಮನುಷ್ಯರಿಗೂ ತಗಲುತ್ತದೆ.

ಚಿಕಿತ್ಸೆಯಲ್ಲಿಯೂ ಒಂದು ನೀತಿಯುಂಟು. ರೋಗ ಕಾಣುವ ಮೊದಲೇ ಸಿಕ್ಕಿದ ಆ್ಯಂಟಿಬಯೋಟಿಕ್ ಸುರಿಯುವವರಿದ್ದಾರೆ. ಅದು ಎಚ್ಚರಿಕೆಯಂತೆ ಕಂಡರೂ ದಿನವೂ ಕುಳಿತು ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿ. ಅದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟುತ್ತವೆ. ಚುಕ್ಕೆ ಕಂಡಾಗ ನೀರಿನ ಬಿಸಿಯನ್ನು ಮೆಲ್ಲಗೆ ಏರಿಸಿ, ಗಾಳಿ ಹೆಚ್ಚು ಹಾಯಿಸಿ, ಲೀಟರಿಗೆ ಎರಡು ಮೂರು ಗ್ರಾಮಿನಂತೆ ಅಯೋಡಿನ್ ಇಲ್ಲದ ಉಪ್ಪನ್ನು ಕಂತು ಕಂತಾಗಿ ಕರಗಿಸಿ ಹಾಕುವುದು ಹಲವು ಮೀನುಗಳಿಗೆ ಹಿತ. ತಳದಲ್ಲಿ ಓಡಾಡುವ ಕೋರಿಡೋರಸ್ ಜಾತಿಯಂಥವು ಉಪ್ಪನ್ನು ತಾಳುವುದಿಲ್ಲ. ಅಂಗಡಿಯ ಔಷಧವಾದರೆ ಬರೆದ ಅಳತೆ ಮೀರಬಾರದು. ಮುಖ್ಯವಾದ ಮಾತೆಂದರೆ, ಔಷಧ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಚರ್ಮದಡಿಯಲ್ಲಿರುವುದನ್ನೂ ಕವಚದೊಳಗಿರುವುದನ್ನೂ ಅದು ಮುಟ್ಟಲಾರದು. ಚುಕ್ಕೆ ಮಾಯವಾಯಿತೆಂದು ಮೂರನೆಯ ದಿನಕ್ಕೆ ನಿಲ್ಲಿಸಿದವರ ತೊಟ್ಟಿಯಲ್ಲಿ ರೋಗ ಮರಳಿ ಬರುತ್ತದೆ. ಕಾಣದಾದ ಮೇಲೂ ಕೆಲವು ದಿನ ಮುಂದುವರಿಸಿದರೇ ಅದು ಚಿಕಿತ್ಸೆ.

ಈಗ ಮೂಲ ಪ್ರಶ್ನೆಗೆ ಬರೋಣ. ಬೇರೆ ಇಡುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ನಮಗೆ ಮೂರು ಒರೆಗಲ್ಲುಗಳು ಕಾಣುತ್ತವೆ. ಒಂದು, ಅದಕ್ಕೆ ಕೊನೆಯ ದಿನ ಇರಬೇಕು. ಎರಡು, ನಿಯಮ ಎಲ್ಲರಿಗೂ ಒಂದೇ ಇರಬೇಕು. ಹತ್ತು ರೂಪಾಯಿಯ ಗಪ್ಪಿಗೊಂದು, ಸಾವಿರದ ಮೀನಿಗೊಂದು ಎಂದಾಗಬಾರದು. ಮೂರು, ಬೇರೆ ಇಡುವುದರ ಕಷ್ಟವನ್ನು ಇಟ್ಟವರೇ ಹೊರಬೇಕು. ನೀರು ಬದಲಿಸುವ, ಮೇವು ಹಾಕುವ, ಬೆಳಗು ಸಂಜೆ ನೋಡುವ ದುಡಿಮೆ ನಮ್ಮದು. ಮೂಲೆಯ ಬಕೆಟ್ಟಿನಲ್ಲಿ ಮರೆತುಬಿಟ್ಟರೆ ಅದು ಆರೈಕೆಯಲ್ಲ, ಸೆರೆ.

ನಮ್ಮ ಸಮಾಜ ಬಲ್ಲ ಇನ್ನೊಂದು ಬಗೆಯ ದೂರವನ್ನು ಈ ಒರೆಗಲ್ಲಿಗೆ ಉಜ್ಜಿ ನೋಡಬಹುದು. ಅಸ್ಪೃಶ್ಯತೆಗೆ ಕೊನೆಯ ದಿನವಿರಲಿಲ್ಲ, ಪರೀಕ್ಷೆ ಇರಲಿಲ್ಲ, ಹುಟ್ಟೇ ಅಪರಾಧವಾಗಿತ್ತು, ಕಷ್ಟವೆಲ್ಲ ದೂರವಿಡಲ್ಪಟ್ಟವರದೇ ಆಗಿತ್ತು. ಶುಚಿಯ ಹೆಸರು ಹೇಳಿಕೊಂಡರೂ ಅದಕ್ಕೂ ಆರೋಗ್ಯಕ್ಕೂ ಸಂಬಂಧವಿರಲಿಲ್ಲ. ಎರಡೂ ಹೊರನೋಟಕ್ಕೆ ದೂರವಿಡುವುದೇ. ಒಳಗಿನ ಅರ್ಥ ಅಜಗಜಾಂತರ.

ಇತಿಹಾಸವೂ ಇದನ್ನೇ ಹೇಳುತ್ತದೆ. ಇಂದು ಡುಬ್ರೋವ್ನಿಕ್ ಎನಿಸಿಕೊಳ್ಳುವ ರಗೂಸಾ ಎಂಬ ಬಂದರುನಗರ 1377ರಲ್ಲಿ, ಪ್ಲೇಗು ಇದ್ದ ಕಡೆಯಿಂದ ಬಂದವರು ಮೂವತ್ತು ದಿನ ಹೊರಗಿದ್ದೇ ಒಳಬರಬೇಕೆಂದು ಕಟ್ಟಳೆ ಮಾಡಿತು. ಮುಂದೆ ಮೂವತ್ತು ನಲವತ್ತಾಯಿತು. ಇಟಲಿಯ ನುಡಿಯಲ್ಲಿ ನಲವತ್ತು ಎಂಬ ಮಾತಿನಿಂದಲೇ ಕ್ವಾರಂಟೈನ್ ಎಂಬ ಪದ ಬಂತು. ಬಾಗಿಲು ಮುಚ್ಚಲಿಲ್ಲ, ಬಾಗಿಲಿಗೊಂದು ತಾರೀಖು ಬರೆದರು. ಇದಕ್ಕೆ ಎದುರಾದ ನಿದರ್ಶನ 1897ರ ಪುಣೆಯದು. ಪ್ಲೇಗಿನ ಹುಡುಕಾಟಕ್ಕೆ ಸಿಪಾಯಿಗಳು ಮನೆಮನೆಗೆ ನುಗ್ಗಿದರು. ದೇವರಕೋಣೆ ಅಡಿಗೆಮನೆ ನೋಡದೆ ಶೋಧಿಸಿ ಜನರನ್ನು ಶಿಬಿರಗಳಿಗೆ ಒಯ್ದರು. ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ ಸೋದರರ ಗುಂಡು ಹಾರಿತು. ರೋಗ ನಿಜವಾಗಿತ್ತು, ತಡೆಯುವ ಅಗತ್ಯವೂ ನಿಜವಾಗಿತ್ತು. ಮನುಷ್ಯರೆಂಬ ಮರ್ಯಾದೆ ಮಾತ್ರ ಅಲ್ಲಿರಲಿಲ್ಲ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2020ರ ಮೇ ತಿಂಗಳಲ್ಲಿ ಕೆಲಸ ಕಳೆದುಕೊಂಡು ಮುಂಬಯಿಯಿಂದ ಮಂಡ್ಯ, ಉಡುಪಿಯ ಕಡೆಗೆ ಮರಳಿದ ನಮ್ಮವರು ತಮ್ಮ ಊರಿನ ಶಾಲೆ, ಹಾಸ್ಟೆಲುಗಳಲ್ಲಿ ದಿನ ಎಣಿಸಬೇಕಾಯಿತು. ಹಲವರಲ್ಲಿ ಕೊರೋನಾ ಸೋಂಕು ಇದ್ದದ್ದು ನಿಜ. ಆದ್ದರಿಂದ ಬೇರೆ ಇರಿಸಿದ್ದನ್ನು ನಾವು ಅನ್ಯಾಯವೆನ್ನಲಾರೆವು. ಬಿಸಿ ಊಟ ಒಯ್ದು ಕೊಟ್ಟು, ಕಿಟಕಿಯಾಚೆಯಿಂದ "ಹೇಗಿದ್ದೀರಣ್ಣ" ಎಂದು ಕೇಳಿದ ಊರುಗಳೂ ಇದ್ದವು. ದಿನ ಮುಗಿದ ಮೇಲೂ "ಮುಂಬಯಿಯವರು" ಎಂದು ಬಾವಿಕಟ್ಟೆಯಲ್ಲಿ ಸರಿದು ನಿಂತವರೂ ಇದ್ದರು. ಮೊದಲನೆಯದು ಕ್ವಾರಂಟೈನ್, ಎರಡನೆಯದಕ್ಕೆ ಆ ಹೆಸರು ಸಲ್ಲದು. ನೊಂದ ಮನಸ್ಸು ಈ ವ್ಯತ್ಯಾಸವನ್ನು ಮರೆಯುವುದಿಲ್ಲ. ನಮ್ಮ ವಠಾರಕ್ಕೆ, ನಮ್ಮ ಸಂಘಕ್ಕೆ ಹೊಸಬರು ಬಂದಾಗ ನಾವೂ ಅದನ್ನು ಮರೆಯಬಾರದು.

ಅವಧಿ ಮುಗಿದು ಮೀನನ್ನು ದೊಡ್ಡ ತೊಟ್ಟಿಗೆ ಬಿಡುವ ದಿನ ಅನುಭವಿಗಳು ಒಂದು ಕೆಲಸ ಮಾಡುತ್ತಾರೆ. ಸಂಜೆ ದೀಪ ಆರಿಸಿ, ಹಳೆಯ ಮೀನುಗಳಿಗೆ ಮೊದಲು ಮೇವು ಹಾಕಿ, ತೊಟ್ಟಿಯ ಕಲ್ಲು ಗಿಡಗಳನ್ನು ಸ್ವಲ್ಪ ಅತ್ತಿತ್ತ ಸರಿಸುತ್ತಾರೆ. "ಈ ಮೂಲೆ ನನ್ನದು" ಎಂದು ಕಾಯುತ್ತಿದ್ದ ಹಳಬರಿಗೆ ಗಡಿ ತಪ್ಪುತ್ತದೆ. ಎಲ್ಲರೂ ಹೊಸದಾಗಿ ಜಾಗ ಹುಡುಕಿಕೊಳ್ಳಬೇಕಾಗುತ್ತದೆ. ಹೊಸಬರು ಇಷ್ಟು ವಾರ ಕಾದಿದ್ದಾರೆ. ಹಳಬರು ಒಂದಿಷ್ಟು ಸರಿದುಕೊಳ್ಳುವುದು ಹೆಚ್ಚೇನಲ್ಲ.